ಕೊಳ್ಳೇಗಾಲ ಬಸ್‌ಸ್ಟ್ಯಾಂಡಿಂದ ದೇವನಹಳ್ಳಿ ರನ್‌ವೇ ತನಕ

ಭಾಗ 1

ಮೊದಲ ಫೋಟೋದಲ್ಲಿರೋದು ನಮ್ಮ ಚಿಕ್ಕಪ್ಪನ ಹಳದಿ ಜಾಕೆಟ್ಟು. ಕತ್ತಲಲ್ಲಿ ಬೆಳಕು ಬಿದ್ರೆ ಹೊಳೆಯುತ್ತಲ್ಲ, ಅಂಥದ್ದು. ಹನೂರಿನ ಮನೆ ಹಿತ್ತಲಲ್ಲಿ ಒಣಹಾಕಿದ್ದಾಗ ತೆಗೆದೆ. ಚಿಕ್ಕಪ್ಪ ದೇವನಹಳ್ಳಿಯ ಏರ್‌ಪೋರ್ಟಲ್ಲಿ ನೈಟ್ ಶಿಫ್ಟಿಗೆ ಸರಕು ಏರಿಸೋ ಕೆಲಸ ಮಾಡ್ತಾರೆ. ಇಷ್ಟು ವರ್ಷದಲ್ಲಿ ಒಂದು ಸಲಾನೂ ವಿಮಾನ ಹತ್ತಿಲ್ಲ. ಕೇಳಿದ್ರೆ, "ನಾನು ಪ್ಲೇನಿನ ಹೊಟ್ಟೆ ನೋಡಿವ್ನಿ ಕನ ಕೂಸು, ಸೀಟು ನೋಡಿಲ್ಲ" ಅಂತಾರೆ.

ಈ ಸರಣಿ ಶುರುವಾಗಿದ್ದು ಆ ಮಾತಿಂದ. ಕ್ಲಾಸಲ್ಲಿ ಹೇಳ್ದಾಗ ಒಬ್ಬ ಗೆಳೆಯ ನಕ್ಕ: "ನಮ್ಮೂರಿಗೆ ರೈಲೇ ಬಂದಿಲ್ಲ, ನೀನು ಏರ್‌ಪೋರ್ಟ್ ಇತಿಹಾಸ ಬರೀತೀಯಾ?" ಅವನ ಮಾತಲ್ಲಿ ತಪ್ಪಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ ಬರಬೇಕಾದ ರೈಲು ಮಾರ್ಗ ಮಂಜೂರಾಗಿದ್ದು 1996-97ರಲ್ಲಿ. ನಾವ್ಯಾರೂ ಆಗ ಹುಟ್ಟೇ ಇರಲಿಲ್ಲ. ಇವತ್ತಿಗೂ ಕೊಳ್ಳೇಗಾಲದಲ್ಲಿ ಹಳಿ ಇಲ್ಲ.

ಈಗ ಇನ್ನೊಂದು ಲೆಕ್ಕ ನೋಡಿ. 2024-25ರಲ್ಲಿ ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 4.18 ಕೋಟಿಗೂ ಹೆಚ್ಚು ಪ್ರಯಾಣಿಕರು ಬಂದು ಹೋದರು. ದಿನಕ್ಕೆ ಸುಮಾರು 1 ಲಕ್ಷ 14 ಸಾವಿರ. 2011ರ ಜನಗಣತಿಯಲ್ಲಿ ಕೊಳ್ಳೇಗಾಲ ಪಟ್ಟಣದ ಜನ ಸುಮಾರು 57 ಸಾವಿರ. ಅಂದ್ರೆ ದಿನಾ ಎರಡು ಕೊಳ್ಳೇಗಾಲ! ಇಡೀ ಚಾಮರಾಜನಗರ ಜಿಲ್ಲೆಯ ಹತ್ತು ಲಕ್ಷ ಜನ ಒಂಬತ್ತು ದಿನಕ್ಕೆ ಮುಗಿದುಹೋಗ್ತಾರೆ.

ಭಾಗ 2

ಮುಂದೆ ಹೋಗೋ ಮುಂಚೆ ಒಂದು ಎಚ್ಚರಿಕೆ. 4.18 ಕೋಟಿ ಪ್ರಯಾಣಿಕರು ಅಂದ್ರೆ 4.18 ಕೋಟಿ ಮನುಷ್ಯರಲ್ಲ.

ಅಲ್ಲಿಂದ ಹಾರಿದವರನ್ನೂ ಎಣಿಸ್ತಾರೆ, ಇಳಿದವರನ್ನೂ ಎಣಿಸ್ತಾರೆ. ನೀವು ದೆಹಲಿಗೆ ಹೋಗಿ ವಾಪಸ್ ಬಂದ್ರೆ ಬೆಂಗಳೂರಿನ ಲೆಕ್ಕದಲ್ಲಿ ಎರಡು. ವಾರವಾರ ಮುಂಬಯಿಗೆ ಓಡಾಡೋ ಒಬ್ಬ ಆಫೀಸರ್ ವರ್ಷಕ್ಕೆ ನೂರು ಜನ ಆಗಿಬಿಡ್ತಾನೆ. ನಮ್ಮ ಚಿಕ್ಕಪ್ಪ ದಿನಾ ಹೋಗಿಬಂದ್ರೂ ಸೊನ್ನೆ. ಮಾದಪ್ಪನ ಬೆಟ್ಟದ ಬಸ್ಸಿನ ಟಿಕೆಟ್ ಎಣಿಸಿ ಭಕ್ತರು ಇಷ್ಟು ಅಂದ ಹಾಗೆ ಇದು. ಟಿಕೆಟ್ ಲೆಕ್ಕ ಸರಿಯಾಗಿರುತ್ತೆ, ಭಕ್ತರ ಲೆಕ್ಕ ಅದಲ್ಲ.

ವಿಮಾನದ ಲೆಕ್ಕವೂ ಹಾಗೇ. ಒಂದು ಇಳಿದು ಮತ್ತೆ ಏರಿದರೆ ಎರಡು ಓಡಾಟ. ಈಗ ವರ್ಷಕ್ಕೆ ಎರಡೂವರೆ ಲಕ್ಷ ಓಡಾಟ ದಾಟಿದೆ, ದಿನಕ್ಕೆ ಏಳುನೂರರ ಆಸುಪಾಸು. ಸರಾಸರಿ ಎರಡು ನಿಮಿಷಕ್ಕೊಂದು. ಹನೂರಿಂದ ಬೆಟ್ಟಕ್ಕೆ ಬಸ್ಸಿಗೆ ಕಾದವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ.

ಭಾಗ 3

ಹಳೇ ಕಥೆ ಬೇಗ ಮುಗಿಸ್ತೀನಿ. 1940ರ ಡಿಸೆಂಬರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು. ಆಗ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು, ಪಕ್ಕದ ಕೊಳ್ಳೇಗಾಲ ಮಾತ್ರ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಂದ್ರೆ ಯಳಂದೂರಿನೋರಿಗೆ ಅದು ತಮ್ಮ ಅರಸರ ಕಾರ್ಖಾನೆ, ಕೊಳ್ಳೇಗಾಲದೋರಿಗೆ ಪರರಾಜ್ಯದ್ದು. 1956ರ ನವೆಂಬರ್ 1ರ ತನಕ ಹೀಗೇ ಇತ್ತು. (ಯಳಂದೂರಿನ ಫ್ರೆಂಡ್ಸ್ ಈಗಲೂ ಜಂಬ ಕೊಚ್ಚೋಕೆ ಇದನ್ನ ಬಳಸಬಹುದು.)

ಆ ಕಾರ್ಖಾನೆಯ ರನ್‌ವೇನೇ ಮುಂದೆ ಊರಿನ ವಿಮಾನ ನಿಲ್ದಾಣವೂ ಆಯ್ತು. ದಶಕಗಟ್ಟಲೆ ಅದು ದೊಡ್ಡೋರ ಜಾಗ. ಬದಲಾಗಿದ್ದು ಎರಡು ಕಾರಣಕ್ಕೆ: ಸಾಫ್ಟ್‌ವೇರ್ ಕಂಪನಿಗಳು, ಮತ್ತೆ ಅಗ್ಗದ ಟಿಕೆಟ್ಟು. ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ ಮೇಲೆ ವಿಮಾನ ಹತ್ತೋರ ವರ್ಗವೇ ಬದಲಾಯ್ತು. 2007-08ಕ್ಕೆ ಎಚ್‌ಎಎಲ್ ನಿಲ್ದಾಣದ ವರ್ಷದ ಲೆಕ್ಕ ಒಂದು ಕೋಟಿ ದಾಟಿತ್ತು. ಆ ಚಿಕ್ಕ ಕಟ್ಟಡದಲ್ಲಿ ಅಷ್ಟು ಜನಕ್ಕೆ ನಿಲ್ಲೋಕೂ ಜಾಗ ಇರಲಿಲ್ಲ.

2008ರ ಮೇ 24ಕ್ಕೆ ದೇವನಹಳ್ಳಿ ನಿಲ್ದಾಣ ಶುರು. ಹೊಸದು ಬಂದಾಗ ಸಂಖ್ಯೆ ಏರಬೇಕಲ್ವಾ? ಇಳೀತು! 2008-09ರಲ್ಲಿ 90 ಲಕ್ಷದೊಳಗೇ ನಿಂತಿತು. ಆ ವರ್ಷ ತೈಲದ ಬೆಲೆ ಆಕಾಶಕ್ಕೆ ಹೋಗಿತ್ತು, ಸೆಪ್ಟೆಂಬರಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ ಜಗತ್ತಿನ ವ್ಯವಹಾರವೇ ಕುಸಿದಿತ್ತು. ಆಮೇಲೆ ಏರಿದ್ದು ನೋಡಿ: 2015-16ಕ್ಕೆ 1.9 ಕೋಟಿ, 2018-19ಕ್ಕೆ 3.33 ಕೋಟಿ. 2019-20ರಲ್ಲಿ ಸ್ವಲ್ಪ ಇಳಿದು 3.24 ಕೋಟಿ. ಆ ಏಪ್ರಿಲಲ್ಲಿ ಜೆಟ್ ಏರ್‌ವೇಸ್ ನಿಂತುಹೋಗಿತ್ತು, ಕೊನೆಗೆ ಮಾರ್ಚಲ್ಲಿ ಕೊರೋನಾ ಬಂತು. ಎರಡನೇ ರನ್‌ವೇ ತೆರೆದಿದ್ದು 2019ರ ಡಿಸೆಂಬರ್ 6ಕ್ಕೆ. ನಾಲ್ಕು ತಿಂಗಳೊಳಗೆ ಎರಡೂ ರನ್‌ವೇ ಖಾಲಿ ಹೊಡೀತಿದ್ವು.

ಭಾಗ 4

ಈ ಭಾಗಕ್ಕೋಸ್ಕರವೇ ನಾನು ಇಷ್ಟೆಲ್ಲಾ ಬರೆದಿದ್ದು. ನಿಧಾನವಾಗಿ ಓದಿ.

2020ರ ಮಾರ್ಚ್ 25ರಿಂದ ಮೇ 25ರ ತನಕ ದೇಶದೊಳಗಿನ ಪ್ರಯಾಣಿಕ ವಿಮಾನಗಳು ಪೂರ್ತಿ ಬಂದ್. ಆ 2020-21ರ ಸಾಲಿನ ಪ್ರಯಾಣಿಕರು 1.09 ಕೋಟಿ. ಹಿಂದಿನ ವರ್ಷದ ಮೂರನೇ ಒಂದು ಭಾಗ. ಸರಕು ಎಷ್ಟಾಗಿರಬಹುದು, ಊಹಿಸಿ. ಅದೂ ಮೂರನೇ ಒಂದು ಭಾಗಕ್ಕೆ ಇಳಿಯಿತಾ? ಇಲ್ಲ. 3.74 ಲಕ್ಷ ಟನ್ನಿಂದ 3.26 ಲಕ್ಷ ಟನ್ನಿಗೆ ಇಳೀತು, ಅಷ್ಟೇ. ಮರುವರ್ಷ ಪ್ರಯಾಣಿಕರು ಇನ್ನೂ 1.63 ಕೋಟಿ ಇದ್ದಾಗಲೇ ಸರಕು 4.11 ಲಕ್ಷ ಟನ್ನಿಗೆ ಏರಿ ಹಳೇ ದಾಖಲೆ ಮುರೀತು.

ಇದು ವಿಚಿತ್ರ. ಯಾಕೆ ಅಂದ್ರೆ ಮಾಮೂಲಿ ದಿನದಲ್ಲಿ ಸರಕಿನ ದೊಡ್ಡ ಪಾಲು ಹೋಗೋದು ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲೇ. ನೀವು ಮೇಲೆ ಕೂತು ಬನ್ ತಿಂತಿರ್ತೀರಿ, ಕೆಳಗೆ ಕೊತ್ತಂಬರಿ ಸೊಪ್ಪು ದುಬೈಗೆ ಹೊರಟಿರುತ್ತೆ. ಪ್ರಯಾಣಿಕ ವಿಮಾನ ನಿಂತಾಗ ಆ ಹೊಟ್ಟೆಯೂ ಹೋಯ್ತು. ಆಗ ಬರೀ ಸರಕು ಸಾಗಿಸೋ ವಿಮಾನಗಳು ಜಾಸ್ತಿ ಬಂದ್ವು. ಕೆಲವು ಕಂಪನಿಗಳು ಜನ ಕೂರೋ ಸೀಟಿನ ಮೇಲೇ ಪೆಟ್ಟಿಗೆ ಕಟ್ಟಿ ಹಾರಿಸಿದ್ವು. ಔಷಧ, ಮೊಬೈಲು, ಆನ್‌ಲೈನ್ ಆರ್ಡರ್, ಹೂವು, ತರಕಾರಿ. 2021ರ ಜನವರಿ 12ಕ್ಕೆ ಪುಣೆಯಿಂದ ಮೊದಲ ಕೋವಿಡ್ ಲಸಿಕೆ ಬಂದಿದ್ದೂ ಇಲ್ಲಿಗೇ.

ನಾವು ಮನೇಲಿ ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಹುಡುಕ್ಕೊಂಡು ಮಾಳಿಗೆ ಹತ್ತುತ್ತಿದ್ದ ಹೊತ್ತಲ್ಲಿ ಚಿಕ್ಕಪ್ಪನಿಗೆ ಒಂದು ದಿನ ರಜಾ ಸಿಕ್ಕಿರಲಿಲ್ಲ. 2020ರ ಜೂನ್ ತನಕ ನಮ್ಮ ಜಿಲ್ಲೆಯಲ್ಲಿ ಒಂದೂ ಕೇಸಿರಲಿಲ್ಲ, ನೆನಪಿದೆಯಾ? ಎಲ್ಲರೂ ಹೆಮ್ಮೆ ಪಡ್ತಿದ್ವಿ. ಅದೇ ಹೆಮ್ಮೆಯಲ್ಲಿ ಚಿಕ್ಕಪ್ಪನಿಗೆ ಫೋನ್ ಮಾಡಿ, "ನೀನು ಏರ್‌ಪೋರ್ಟ್‌ನೋನು, ಸದ್ಯಕ್ಕೆ ಊರಿಗೆ ಬರಬೇಡ ಬುಡು" ಅಂದಿದ್ದು ನಮ್ಮ ಮನೆಯವರೇ. ನಾನೂ ಪಕ್ಕದಲ್ಲೇ ಕೂತಿದ್ದೆ. ಏನೂ ಅನ್ನಲಿಲ್ಲ. ಅವರು "ಆಯ್ತು ಬುಡಿ" ಅಂತ ಫೋನ್ ಇಟ್ರು.

ಮರುವರ್ಷ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯ ದುರಂತ ಆಯ್ತು. ಒಂದು ದಿನದೊಳಗೆ 24 ಜನ ತೀರಿಕೊಂಡರು ಅಂತ ಸುದ್ದಿ ಬಂತು. ಅದೇ ವಾರಗಳಲ್ಲಿ ಹೊರದೇಶದಿಂದ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಪೆಟ್ಟಿಗೆಗಳು ಬೆಂಗಳೂರಿಗೆ ಬಂದಿಳೀತಿದ್ವು. ಚಿಕ್ಕಪ್ಪ ಅವನ್ನೂ ಇಳಿಸಿದ್ದಾರೆ. ಆ ಮಾತು ಬಂದ್ರೆ ಅವರು ಜಾಸ್ತಿ ಮಾತಾಡಲ್ಲ, ಎದ್ದು ಹೋಗಿ ಹಸುಗೆ ಹುಲ್ಲು ಹಾಕ್ತಾರೆ. ಹಾಗಾಗಿ 4.11 ಲಕ್ಷ ಟನ್ ದಾಖಲೆ ಅಂತ ಗ್ರಾಫ್ ನೋಡ್ದಾಗ ನನಗೆ ಚಪ್ಪಾಳೆ ಹೊಡೆಯೋಕೆ ಕೈ ಬರಲ್ಲ. ಆ ಗೆರೆ ಏರಿದ್ದಕ್ಕೆ ಒಂದು ಕಾರಣ ಜನ ಸಾಯ್ತಿದ್ದದ್ದು.

ಭಾಗ 5

ಆಮೇಲೆ? ಪ್ರಯಾಣಿಕರು 2022-23ರಲ್ಲಿ 3.19 ಕೋಟಿ, ಮರುವರ್ಷ 3.75 ಕೋಟಿ. ಎರಡನೇ ಟರ್ಮಿನಲ್ಲನ್ನ 2022ರ ನವೆಂಬರ್ 11ಕ್ಕೆ ಉದ್ಘಾಟಿಸಿದ್ರು. ನೀವು ರೀಲ್ಸಲ್ಲಿ ನೋಡೋ ಬಿದಿರು, ನೇತಾಡೋ ಗಿಡಗಳು ಅಲ್ಲಿಯವೇ. 2024-25ರಲ್ಲಿ ಸರಕು ಮೊದಲ ಸಲ 5 ಲಕ್ಷ ಟನ್ ದಾಟಿತು.

ಅದರಲ್ಲಿ ನಮ್ಮ ಪಾಲೆಷ್ಟು? ವಿಮಾನದಲ್ಲಿ ಹೋಗೋದು ಮೂರೇ ಥರದ ಸರಕು: ಬೇಗ ಕೊಳೆಯೋದು, ತೂಕ ಕಮ್ಮಿ ಬೆಲೆ ಜಾಸ್ತಿ ಇರೋದು, ತುರ್ತಿನದು. ಕೊಳ್ಳೇಗಾಲದ ರೇಷ್ಮೆ ಸೀರೆ ಕೊಳೆಯಲ್ಲ, ಅದಕ್ಕೆ ಆತುರವೂ ಇಲ್ಲ. ಯಳಂದೂರಿನ ಭತ್ತಕ್ಕೆ ವಿಮಾನದ ಬಾಡಿಗೆ ಕಟ್ಟೋರು ಯಾರು? ಹೂವಿಗೆ ಅವಕಾಶ ಇದೆ, ಆದ್ರೆ ಫೆಬ್ರವರಿ 14ಕ್ಕೆ ಹೊರದೇಶಕ್ಕೆ ಹಾರೋ ಗುಲಾಬಿ ಬೆಳೆಯೋದು ಬೆಂಗಳೂರಿನ ಸುತ್ತಲ ಪಾಲಿಹೌಸುಗಳಲ್ಲಿ. ನಮ್ಮ ಕಡೆ ಬಿಡಿಹೂವು ಮೂಟೆಯಲ್ಲಿ ಬಸ್ಸಿನ ಟಾಪ್ ಹತ್ತಿ ಮಾರ್ಕೆಟ್ ತನಕ ಹೋಗಿ ಅಲ್ಲೇ ನಿಲ್ಲುತ್ತೆ. ನಮ್ಮಿಂದ ಏರ್‌ಪೋರ್ಟಿಗೆ ಹೋಗ್ತಿರೋ ಮುಖ್ಯ ಸರಕು ಅಂದ್ರೆ ಹಳದಿ ಜಾಕೆಟ್ ಹಾಕ್ಕೊಂಡ ಮನುಷ್ಯರು.

"ಮೈಸೂರಿನ ಮಂಡಕಳ್ಳಿ ಇಲ್ವಾ?" ಅಂತೀರಿ. ಇದೆ, ನಮಗೆ ಅರವತ್ತು ಕಿಲೋಮೀಟರ್ ಆಸುಪಾಸು. ಆದ್ರೆ ಅದರ ರನ್‌ವೇ 1,740 ಮೀಟರ್, ರೆಕ್ಕೆ ಮೇಲೆ ಪಂಖ ತಿರುಗೋ ಸಣ್ಣ ವಿಮಾನಗಳಿಗೆ ಮಾತ್ರ ಸಾಕು. ಉದ್ದ ಮಾಡೋಣ ಅಂದ್ರೆ ನಂಜನಗೂಡಿನ ಹೆದ್ದಾರಿ ಅಡ್ಡ. 2010ರಲ್ಲಿ ಕಿಂಗ್‌ಫಿಶರ್ ಬಂತು, ಹೋಯ್ತು. ಸ್ಪೈಸ್‌ಜೆಟ್ ಬಂತು, ಹೋಯ್ತು. 2017ರಲ್ಲಿ ಉಡಾನ್ ಯೋಜನೆಯ ಟ್ರೂಜೆಟ್ ಬಂತು, ಅದೂ ಹೋಯ್ತು.

ಭಾಗ 6

ಕೊನೇ ಫೋಟೋ ಮ್ಯಾಪು. ದೇವನಹಳ್ಳಿ ನಿಲ್ದಾಣ ಕಟ್ಟುವಾಗ ಆದ ಒಪ್ಪಂದದಲ್ಲಿ ಒಂದು ಷರತ್ತಿದೆ: ಶುರುವಾದ 25 ವರ್ಷದ ತನಕ, ಅಂದ್ರೆ 2033ರವರೆಗೆ, 150 ಕಿಲೋಮೀಟರ್ ಆಕಾಶದೂರದೊಳಗೆ ಪೈಪೋಟಿಗೆ ಇನ್ನೊಂದು ವಿಮಾನ ನಿಲ್ದಾಣ ಬರಬಾರದು, ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ನಾನು ಮ್ಯಾಪಲ್ಲಿ ಕೈವಾರ ಇಟ್ಟು ವೃತ್ತ ಎಳೆದೆ. ಕೊಳ್ಳೇಗಾಲ ಒಳಗೆ, ಹನೂರು ಒಳಗೆ, ಯಳಂದೂರು ಅಂಚಲ್ಲಿ ಒಳಗೆ. ಚಾಮರಾಜನಗರ ಹೊರಗೆ. ರೈಲು ಬಾರದ ಊರುಗಳು ವಿಮಾನದ ಗಡಿಯೊಳಗೆ!

ಈಗ ಬೆಂಗಳೂರಿಗೆ ಎರಡನೇ ನಿಲ್ದಾಣ ಹುಡುಕ್ತಿದ್ದಾರೆ. 2025ರ ಏಪ್ರಿಲಲ್ಲಿ ಕೇಂದ್ರದ ತಂಡ ಬಂದು ಮೂರು ಜಾಗ ನೋಡಿತು. ಎರಡು ಇರೋದು ಕನಕಪುರ ರಸ್ತೆಯಲ್ಲಿ, ನಮ್ಮ ಕೊಳ್ಳೇಗಾಲದ ಬಸ್ಸು ದಿನಾ ಓಡೋ ದಾರೀಲೇ. ಅಲ್ಲಿಗೆ ಬಂದ್ರೆ ಚಿಕ್ಕಪ್ಪ ಬೆಂಗಳೂರನ್ನ ಆಚೆ ತುದಿ ತನಕ ದಾಟಬೇಕಿಲ್ಲ, ನಮ್ಮ ಹೂವಿಗೂ ದಾರಿ ಅರ್ಧ ಆಗುತ್ತೆ. ನನಗೆ ಆಸೆ ಇದೆ, ಮುಚ್ಚಿಡಲ್ಲ. ಆದ್ರೆ ದೇವನಹಳ್ಳಿ ನಿಲ್ದಾಣಕ್ಕೆ ಹೋಗಿದ್ದು ಸುಮಾರು 4 ಸಾವಿರ ಎಕರೆ. ಅದರ ಪಕ್ಕದ 13 ಹಳ್ಳಿಗಳ ರೈತರು ಇನ್ನೂ 1,777 ಎಕರೆ ಕೊಡಲ್ಲ ಅಂತ ಮೂರು ವರ್ಷಕ್ಕೂ ಹೆಚ್ಚು ಕೂತು, 2025ರ ಜುಲೈನಲ್ಲಿ ಸರ್ಕಾರ ಕೈಬಿಡೋ ಹಾಗೆ ಮಾಡಿದ್ರು. ಕನಕಪುರ ರಸ್ತೆಯ ಹಳ್ಳಿಯೋರನ್ನ ಯಾರು ಕೇಳ್ತಾರೆ? ನನ್ನ ಆಸೆ ಅವರ ಹೊಲದ ಮೇಲೆ ನಿಂತಿದೆ.

ಇದನ್ನ ಚಿಕ್ಕಪ್ಪನಿಗೆ ಓದಿ ಹೇಳಿದೆ. ಜಾಕೆಟ್ ಮಡಚಿ ಬ್ಯಾಗಿಗೆ ತುರುಕ್ತಾ, "5 ಲಕ್ಷ ಟನ್ನಾ? ಅದ್ಕೇ ಸೊಂಟ ನೋಯ್ತದೆ" ಅಂದ್ರು. ಸಂಜೆ ಬಸ್ಸಿಗೆ ಹೊರಟ್ರು.

ನಿಮ್ಮ ಮನೇಲೂ ಯಾರಾದ್ರೂ ಆ ಕಡೆ ದುಡೀತಿದ್ರೆ, ಯಾವ ವರ್ಷ ಸೇರಿದ್ರು ಅಂತ ಕೇಳಿ ತಿಳಿಸಿ. 2008ಕ್ಕೆ ಮುಂಚೆ ಎಚ್‌ಎಎಲ್ ನಿಲ್ದಾಣದಲ್ಲಿದ್ದೋರು ಸಿಕ್ಕಿದ್ರೆ, ಅವರನ್ನ ನೋಡೋಕೆ ನಾನೇ ಬರ್ತೀನಿ.

#ಕೊಳ್ಳೇಗಾಲ #ಹನೂರು #ಯಳಂದೂರು #ನಮ್ಮೂರಿನಲೆಕ್ಕ