ಹಗೇವು ಮುಚ್ಚಿತು, ತಾಟು ಬದಲಾಯಿತು



ಹೋದ ವಾರ ಹಳೇ ಮನಿ ಅಂಗಳದಾಗ ಟ್ರ್ಯಾಕ್ಟರ್ ನಿಲ್ಲಿಸಾಕ ಶೆಡ್ ಹಾಕಬೇಕಂತ ನೆಲ ಅಗಿಸಿದೆ. ಎರಡು ಅಡಿ ಕೆಳಗ ಒಂದು ಚಪ್ಪಡಿ ಕಲ್ಲು ಹತ್ತಿತು. ಸರಿಸಿ ನೋಡಿದ್ರ ನಮ್ಮ ತಾತನ ಕಾಲದ ಹಗೇವು. ಮಗ ಬಗ್ಗಿ ನೋಡಿ, "ಅಪ್ಪ, ಇದು ಬಾವಿ ಇತ್ತೇನು?" ಅಂದ. ಡಿಗ್ರಿ ಮುಗಿಸಿದ ಹುಡುಗ, ಹಗೇವು ಅಂದ್ರ ಏನಂತ ಗೊತ್ತಿಲ್ಲ. ಅವನದೇನೂ ತಪ್ಪಿಲ್ಲ, ನಾವೇ ತೋರಿಸಿಲ್ಲ. ಅವನಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಬರೀತೀನಿ.

ಹಗೇವು ಅಂದ್ರ ಜೋಳ ಇಡೋ ನೆಲದ ಕಣಜ. ಗಟ್ಟಿ ನೆಲ ನೋಡಿ ತೆಗ್ಗು ತೋಡಿ, ಒಳಗ ಸುತ್ತ ಹುಲ್ಲು, ಜೋಳದ ದಂಟು ಹಾಸಿ, ಜೋಳ ಸುರುವಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ರು. ಗಾಳಿ ಆಡದಿದ್ರ ಹುಳ ಬೀಳೋದಿಲ್ಲ. ತೆಗೆಯೋ ದಿನ ಯಾರೂ ಲಗೂನ ಒಳಗ ಇಳೀತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಸಾಯ್ತಾನ. ಬಾಯಿ ತೆಗೆದು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಆರದಿದ್ರ ಇಳೀತಿದ್ರು. ಬರಗಾಲ ಬಂದ್ರ ಅದರ ಮ್ಯಾಲೇ ಮನಿ ನಡೀತಿತ್ತು.

ಬರ ಅಂದ್ರ ನಮ್ಮ ಭಾಗಕ್ಕ ಹೊಸದಲ್ಲ. 1876ರಿಂದ 78ರ ತನಕ ಧಾತು ಬರ ಬಿತ್ತು. ಈಶ್ವರ ಸಂವತ್ಸರಕ್ಕೂ ಅದು ಹಬ್ಬಿತ್ತು. ಬಳ್ಳಾರಿ, ರಾಯಚೂರು ಸೀಮೆಯಾಗ ಊರಿಗೆ ಊರೇ ಖಾಲಿ ಆದವು. ತುಂಗಭದ್ರೆಗೆ ಕಟ್ಟೆ ಕಟ್ಟಬೇಕು ಅನ್ನೋ ಮಾತು ಅದಕ್ಕೂ ಮೊದಲೇ, 1860ರ ಹೊತ್ತಿಗೆ ಆರ್ಥರ್ ಕಾಟನ್ ಅನ್ನೋ ಇಂಜಿನಿಯರ್ ಎತ್ತಿದ್ರು. ಕೆಲಸಕ್ಕ ಅಡಿಗಲ್ಲು ಬಿದ್ದಿದ್ದು 1945ರ ಫೆಬ್ರವರಿ 28ಕ್ಕ. ಆಗ ಎಡದಂಡೆ ನಿಜಾಮರದು, ಬಲದಂಡೆ ಮದ್ರಾಸಿನವರದು. 1953ರಾಗ ಕಾಲುವಿಗೆ ನೀರು ಬಿಟ್ರು.

ಅದಕ್ಕೂ ಮೊದಲು ಇಲ್ಲಿ ಏನು ಉಣ್ತಿದ್ರು? ಬಳ್ಳಾರಿ ಹತ್ರ ಸಂಗನಕಲ್ಲು ಗುಡ್ಡದಾಗ ಪುರಾತತ್ವದವರು ಅಗೆದಾಗ, ಮೂರು-ನಾಲ್ಕು ಸಾವಿರ ವರ್ಷದ ಹಿಂದಿನ ಮಂದಿ ತಿಂದ ಕಾಳು ಕರಕಲಾಗಿ ಸಿಕ್ಕಾವ. ಕೊರಲಿ, ಹುರುಳಿ, ಹೆಸರು. ಜೋಳ ಅದಕ್ಕಿಂತ ಆಮ್ಯಾಲೆ ಆಫ್ರಿಕಾ ಕಡೆಯಿಂದ ಬಂದದ್ದು. ಜೋಳ ನಮ್ಮದು, ಅಕ್ಕಿ ಹೊರಗಿಂದು ಅಂತ ಜಗಳ ಮಾಡೋರು ಇದನ್ನ ನೆನಪಿಟ್ಟುಕೋಬೇಕು. ಆನೆಗೊಂದಿ, ಹಂಪಿ ಕಡೆ ವಿಜಯನಗರದ ಕಾಲುವಿ ಕೆಳಗ ನೂರಾರು ವರ್ಷದಿಂದ ನೆಲ್ಲು ಬೆಳೀತಾರ. ನಾನು ನೋಡೋದು ಬೇರೆ ಮಾತು. ಸಂಗನಕಲ್ಲಿನ ಆ ಮಂದಿ ಸಹಿತ ಬರೇ ಧಾನ್ಯ ತಿಂದಿಲ್ಲ. ಧಾನ್ಯದ ಜೊತೆಗೆ ಬ್ಯಾಳಿ ಕಾಳು ಇತ್ತು.

ನಮ್ಮ ತಾತನ ಎರಿ ಹೊಲದಾಗೂ ಹಂಗೇ ಇತ್ತು. ಮುಂಗಾರಿಗೆ ಸಜ್ಜಿ, ನಡುವ ಅಕ್ಕಡಿ ಸಾಲಾಗಿ ತೊಗರಿ, ಹೆಸರು, ಅಲಸಂದಿ, ಅಂಚಿಗೆ ಪುಂಡಿ. ಹಿಂಗಾರಿಗೆ ಉತ್ತರಿ, ಹಸ್ತ ಮಳಿ ನೋಡಿ ಬಿಳಿಜೋಳ, ಜೊತೆಗೆ ಕಡ್ಲಿ, ದನ ಒಳಗ ಬರಬಾರದಂತ ಸುತ್ತ ಕುಸುಬಿ. ಈಗ ಅದೇ ಹೊಲವನ್ನ ತಾಟಿನ್ಯಾಗ ನೋಡ್ರಿ. ರೊಟ್ಟಿ ಜೋಳದ್ದು, ಪಲ್ಯ ಹೆಸರುಕಾಳಿಂದು, ಸೊಪ್ಪು ಪುಂಡಿದು, ಎಣ್ಣಿ ಕುಸುಬಿದು. ಹಸಿ ಉಳ್ಳಾಗಡ್ಡಿ, ಹತ್ತರಕಿ ಸೊಪ್ಪು ಪಕ್ಕಕ್ಕ. ಹೊಲದಾಗ ಏನಿತ್ತೋ ಅದೇ ತಾಟಿನ್ಯಾಗ. ಬಾನ ಉಣ್ಣೋದು ಹಬ್ಬಕ್ಕ, ಬೀಗರು ಬಂದಾಗ.

ಇದನ್ನ ಬಂಗಾರದ ಕಾಲ ಅಂತ ನಾನು ಹೇಳೋದಿಲ್ಲ. ನಮ್ಮವ್ವ ನಸುಕಿನ್ಯಾಗ ಎದ್ದು ಬೀಸುಕಲ್ಲು ತಿರುವಿ ಅಂಗೈ ಬೊಬ್ಬಿ ಎದ್ದದ್ದು ನಾನೇ ನೋಡೀನಿ. ಮಳಿ ತಪ್ಪಿದ ವರ್ಷ ಅಂಬಲಿ ಕುಡಿದು ಮಲಗಿದ್ದೂ ಐತಿ. ಅಕ್ಕಿ ಬಂದದ್ದು ಹೆಣಮಕ್ಕಳಿಗೆ ಬಿಡುಗಡೆ ಇದ್ದಂಗೆ ಆತು. ತೊಳೆದು ಒಲಿ ಮ್ಯಾಲ ಇಟ್ರ ಮುಗೀತು.

ಕಾಲುವಿ ಮಾಡಿದವರ ಲೆಕ್ಕ ಬೇರೆ ಇತ್ತು. 220 ಕಿಲೋಮೀಟರಿಗೂ ಉದ್ದದ ಎಡದಂಡೆ ಕಾಲುವಿ, ಸ್ವಲ್ಪ ನೀರು ಬಾಳ ಹೊಲಕ್ಕ ಮುಟ್ಟಬೇಕು, ಬರ ತಡೀಬೇಕು ಅನ್ನೋದು ಅವರ ವಿಚಾರ. ಅದಕ್ಕ ಬಾಳ ಹೊಲ ಜೋಳ, ಶೇಂಗಾ, ಹತ್ತಿಯಂಥ ಕಡಿಮಿ ನೀರಿನ ಬೆಳೆಗೆ ಗೊತ್ತು ಮಾಡಿದ್ರು. ನೆಲ್ಲಿಗೆ ಬಿಟ್ಟದ್ದು ಸಣ್ಣ ಪಾಲು. ಆದ್ರ ಗೋದಾವರಿ, ಕೃಷ್ಣಾ, ಗುಂಟೂರು ಕಡೆಯಿಂದ ನೀರಾವರಿ ಗೊತ್ತಿದ್ದ ರೈತರು ಬಂದು ಹೊಲ ಕೊಂಡ್ರು, ಕ್ಯಾಂಪ್ ಕಟ್ಟಿದ್ರು, ಎರಿ ಹೊಲ ಸಮ ಮಾಡಿ ನೆಲ್ಲು ಹಚ್ಚಿದ್ರು. ರೊಕ್ಕ ಕಣ್ಣಿಗೆ ಕಂಡಿತು. ನೋಡಿ ನಾವೂ ಹಚ್ಚಿದ್ವಿ. ಯಾರನ್ನೂ ಬೈಯೋದಿಲ್ಲ. ಆ ನೆಲ್ಲಿಲೇ ನಮ್ಮ ಮನಿ ಎದ್ದಾವ, ಮಕ್ಕಳು ಓದ್ಯಾವ. ನೀರು ಮಾತ್ರ ಕೆಳಗಿನ ಮಾನ್ವಿ, ರಾಯಚೂರು ಕಡೆ ರೈತರಿಗೆ ಮುಟ್ಟದಂಗ ಆತು. ಆ ಜಗಳ ಇನ್ನೂ ಮುಗಿದಿಲ್ಲ.

ನೀರು ನಿಂತ ಗದ್ದಿಯಾಗ ತೊಗರಿ ನಿಲ್ಲೋದಿಲ್ಲ, ಹೆಸರು ನಿಲ್ಲೋದಿಲ್ಲ, ಕುಸುಬಿ ನಿಲ್ಲೋದಿಲ್ಲ. ಬದುವಿನ ಮ್ಯಾಲೂ ಕಳೆನಾಶಕ ಹೊಡಿತೀವಿ, ಪುಂಡಿ ಎಲ್ಲಿಂದ ಬರಬೇಕು? ಹೊಲ ಒಂದೇ ಬೆಳಿದಾತು, ತಾಟೂ ಒಂದೇ ಬೆಳಿದಾತು. ಮುಂಜಾನೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಮಜ್ಜಿಗಿ. ಬ್ಯಾಳಿ ಅಂಗಡಿಯಿಂದ ತರೋದಾತು, ತುಟ್ಟಿ ಅಂತ ಸಾರು ತೆಳ್ಳಗಾತು. 2013ರ ಜುಲೈಯಿಂದ ಅನ್ನಭಾಗ್ಯದ ಅಕ್ಕಿನೂ ಬಂತು, 1 ರೂಪಾಯಿಗೆ ಕಿಲೋ. ಕೂಲಿ ಮಾಡೋ ಮನಿಯವರು ಹಸಿದು ಮಲಗೋದು ತಪ್ಪಿತು, ಅದು ದೊಡ್ಡ ಮಾತು. ಆದ್ರ ಅಕ್ಕಿ ಒಂದೇ ತಾಟು ತುಂಬಿತು.

ಇನ್ನೊಂದು ಬದಲಾವಣೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಅಪ್ಪ ಒಂದು ಹೊತ್ತಿಗೆ ನಾಲ್ಕು ರೊಟ್ಟಿ ಉಣ್ತಿದ್ದ. ಉಂಡು ದಿನವಿಡೀ ಎತ್ತಿನ ಹಿಂದ ಕುಂಟಿ ಹೊಡೀತಿದ್ದ. ನಾನು ಉಣ್ಣೋದು ಅಪ್ಪನಷ್ಟೇ, ಕುಂದ್ರೋದು ಟ್ರ್ಯಾಕ್ಟರ್ ಮ್ಯಾಲ. ಕೊಯ್ಯೋದು ಮಷಿನ್, ಎಣ್ಣಿ ಹೊಡಿಯೋದು ಆಳು. ದುಡಿಮಿ ಅರ್ಧ ಆತು, ಊಟ ಹಂಗೇ ಉಳೀತು.

ನಮ್ಮಣ್ಣಗ ಶುಗರ್ ಬಂದು ಆರು ವರ್ಷ. ಗಾಯ ಮಾಯಲಿಲ್ಲ, ಹೋದ ವರ್ಷ ಎಡಗಾಲಿನ ಎರಡು ಬೆರಳು ತೆಗೆದ್ರು. ಅವನ್ನ ಕರಕೊಂಡು ಹೋದಾಗ ನಂದೂ ತೋರಿಸಿದೆ. ಮೂರು ತಿಂಗಳ ಶುಗರ್ 8.6 ಬಂತು. ಡಾಕ್ಟರ್ "ಏನು ಉಣ್ತೀರಿ?" ಅಂದ್ರು. "ನಮ್ಮ ಹೊಲದ ಅಕ್ಕಿ ಸರ್, ಹೊರಗಿಂದು ಏನೂ ತಿನ್ನೋದಿಲ್ಲ" ಅಂತ ಹೆಮ್ಮಿಲೇ ಹೇಳಿದೆ. "ಎಷ್ಟು?" ಅಂದ್ರು. ಅದಕ್ಕ ಉತ್ತರ ಇರಲಿಲ್ಲ.

ಮನಿಗೆ ಬಂದು ಲೆಕ್ಕ ಹಾಕಿದೆ. ನಾಲ್ಕು ಮಂದಿ, ತಿಂಗಳಿಗೆ 60 ಕಿಲೋ ಅಕ್ಕಿ. ಒಬ್ಬೊಬ್ಬರಿಗೆ ದಿನಕ್ಕ ಅರ್ಧ ಕಿಲೋ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಾಗ ಕೊಟ್ಟ ಪಟ್ಟಿ ಪ್ರಕಾರ, ದಿನಕ್ಕ 2000 ಕ್ಯಾಲೊರಿ ಸಾಕಾಗೋ ಮನುಷ್ಯಾಗ ಎಲ್ಲ ಧಾನ್ಯ ಸೇರಿ 250 ಗ್ರಾಂ, ಬ್ಯಾಳಿ ಕಾಳು 85 ಗ್ರಾಂ, ಕಾಯಿಪಲ್ಯ ಸೊಪ್ಪು 400 ಗ್ರಾಂ. ದಿನವಿಡೀ ನಾಟಿ ಹಚ್ಚೋ ಹೆಣಮಕ್ಕಳಿಗೆ ಇದಕ್ಕಿಂತ ಜಾಸ್ತಿ ಬೇಕು. ನನ್ನಂಥವಗ ಬ್ಯಾಡ. ಧಾನ್ಯ ಎರಡರಷ್ಟು, ಬ್ಯಾಳಿ ಅರ್ಧಾನೂ ಇಲ್ಲ. ಇದು ನಮ್ಮ ಮನಿ ಲೆಕ್ಕ. ನಿಮ್ಮದು ನೀವು ಹಾಕಿ ನೋಡ್ರಿ, ತಕ್ಕಡಿ ಎಲ್ಲರ ಮನ್ಯಾಗೂ ಐತಿ.

ಇಲ್ಲಿ ಒಂದು ತಪ್ಪು ನಾನೂ ಮಾಡಿದೆ. ಜೋಳ ತಿಂದ್ರ ಶುಗರ್ ಹೋಗ್ತದಂತ ಮಂದಿ ಅಂದದ್ದು ಕೇಳಿ ಹೊತ್ತಿಗೆ ಐದು ರೊಟ್ಟಿ ಹೊಡದೆ. ಶುಗರ್ ಇಳೀಲಿಲ್ಲ. 100 ಗ್ರಾಂ ಜೋಳದಾಗ ನಾರು ಸುಮಾರು 10 ಗ್ರಾಂ, ಬಿಳಿ ಅಕ್ಕಿಯಾಗ 3 ಗ್ರಾಂ ಒಳಗ. ಅಷ್ಟು ಲಾಭ ಖರೇ. ಆದ್ರ ಶಕ್ತಿ ಲೆಕ್ಕದಾಗ ಎರಡೂ ಹೆಚ್ಚು ಕಡಿಮಿ ಒಂದೇ. ಆರ್‌ಎನ್‌ಆರ್ ಅಕ್ಕಿ ಶುಗರಿಗೆ ಚಲೋ ಅಂತ ಎರಡು ತಾಟು ಉಣ್ಣೋರದೂ ಇದೇ ಕಥಿ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಹಿರಿಯರು ಸುಮ್ನೆ ಅಂದಿಲ್ಲ. ಎಷ್ಟು ಉಣ್ಣಬೇಕು ಅನ್ನೋದೂ ಆ ಬಲ್ಲದ್ದರಾಗ ಬರ್ತದ.

ಈಗ ನಾಲ್ಕೂವರಿ ಎಕರೆಯಾಗ ಅರ್ಧ ಎಕರೆ ನೆಲ್ಲು ಬಿಟ್ಟೀನಿ. ನೀರು ಕಡಿಮಿ ಏರೋ ಮ್ಯಾಲಿನ ಮಡಿ ಅದು. ಮುಂಗಾರಿಗೆ ಹೆಸರು, ಅಂಚಿಗೆ ತೊಗರಿ, ಪುಂಡಿ. ಹಿಂಗಾರಿಗೆ ಬಿಳಿಜೋಳ, ಕಡ್ಲಿ. ರೊಕ್ಕದ ಲೆಕ್ಕದಾಗ ನೆಲ್ಲಿಗಿಂತ ಕಡಿಮಿ, ಸುಳ್ಳು ಹೇಳೋದಿಲ್ಲ. ಹಕ್ಕಿ ಕಾಯೋದು ಬೇರೆ ಕೆಲಸ. ಆದ್ರ ಬ್ಯಾಳಿ ಮನ್ಯಾಗ ಐತಿ ಅಂದ್ರ ಸಾರು ತಾನೇ ದಪ್ಪ ಆಗ್ತದ. ಎರಡು ರೊಟ್ಟಿ, ಕಾಳು ಪಲ್ಯ, ಸೊಪ್ಪು, ಕಡೀಗೆ ಒಂದು ಸೌಟು ಅನ್ನ ಮಜ್ಜಿಗಿ. ಉಂಡ ಮ್ಯಾಲ ಕಾಲುವಿ ತನಕ ನಡದು ಬರ್ತೀನಿ. ಮೊನ್ನೆ ತೋರಿಸಿದಾಗ 7.1 ಇತ್ತು. ಗುಳಿಗಿ ಬಿಟ್ಟಿಲ್ಲ, ನೀವೂ ಡಾಕ್ಟರನ್ನ ಕೇಳದ ಬಿಡಬ್ಯಾಡ್ರಿ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನಾವೆಲ್ಲ ನಿದ್ದಿ ಬಿಟ್ಟಿದ್ವಿ. ಒಂದೇ ಬೆಳಿ, ಒಂದೇ ಕಾಲುವಿ ನಂಬಿದವರ ಗತಿ ಆ ರಾತ್ರಿ ಗೊತ್ತಾತು.

ಶೆಡ್ ಪಕ್ಕದ ಜಾಗಕ್ಕ ಸರಿಸೀನಿ, ಹಗೇವು ಮುಚ್ಚಿಸಿಲ್ಲ. ಅರ್ಧ ಎಕರೆ ಜೋಳಕ್ಕ ಹಗೇವು ಬೇಕಾಗಿಲ್ಲ, ಎರಡು ಡ್ರಮ್ ಸಾಕು. ಮಗ ನೋಡಲಿ ಅಂತ ಬಿಟ್ಟೀನಿ. ನಿಮ್ಮೂರಾಗ ಕಡೀ ಹಗೇವು ತೆಗೆದದ್ದು ಯಾವ ವರ್ಷ ಅಂತ ಹಿರಿಯರನ್ನ ಕೇಳಿ ತಿಳಿಸ್ರಿ. ನನ್ನ ಮಾತಿನ್ಯಾಗ ತಪ್ಪಿದ್ರ ತಿದ್ದ್ರಿ.