ಫ್ರೀ ಪಿಸ್ತೂಲ್ ಮತ್ತು ಹಗುರ ಟ್ರಿಗರ್‌ನ ಶಿಕ್ಷಣ

ಗುರಿಕಾರಿಕೆಯ ಸ್ಪರ್ಧೆಗಳಲ್ಲಿ ಫ್ರೀ ಪಿಸ್ತೂಲ್ ಎಂದು ಹೆಸರಾದ ವಿಭಾಗವು 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 30 ಮೀಟರ್ ದೂರದ ಸ್ಪರ್ಧೆಯಾಗಿ ಆರಂಭಗೊಂಡು, 1900ರ ಪ್ಯಾರಿಸ್ ಕೂಟದಲ್ಲಿ 50 ಮೀಟರ್‌ಗೆ ವಿಸ್ತರಿಸಿತು. ಹಿಡಿಕೆಯ ಆಕಾರ, ನಳಿಗೆಯ ಉದ್ದ ಮತ್ತು ಟ್ರಿಗರ್‌ನ ಭಾರ, ಅಂದರೆ ಗುಂಡು ಹಾರಲು ಬೆರಳು ಹಾಕಬೇಕಾದ ಒತ್ತಡ, ಇವುಗಳಿಗೆ ಮಿತಿಯಿಲ್ಲದಿರುವುದೇ ಈ ವಿಭಾಗದ ವಿಶೇಷ. ಆದರೆ ಆಯುಧವನ್ನು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಹಿಡಿಯಬೇಕು. ಹತ್ತು ಅಂಕದ ವೃತ್ತದ ವ್ಯಾಸ ಕೇವಲ 5 ಸೆಂಟಿಮೀಟರ್.

ಭಾರಕ್ಕೆ ಮಿತಿಯಿಲ್ಲದ ಈ ವಿಭಾಗದಲ್ಲಿ ಟ್ರಿಗರನ್ನು ಅತಿ ಹಗುರಗೊಳಿಸಲು ಸಾಧ್ಯವಾದದ್ದು ಸೆಟ್ ಟ್ರಿಗರ್ ಎಂಬ ಹಳೆಯ ಯುರೋಪಿಯನ್ ಯಂತ್ರವಿಧಾನದಿಂದ. ಪ್ರತ್ಯೇಕ ಸನ್ನೆಯೊಂದನ್ನು ಒತ್ತಿ ಸ್ಪ್ರಿಂಗನ್ನು ಮೊದಲೇ ಬಿಗಿದಿಟ್ಟರೆ, ಬೆರಳು ಒಂದು ಸಣ್ಣ ಕೊಂಡಿಯನ್ನಷ್ಟೇ ಜಾರಿಸಿದರೆ ಸಾಕು, ಉಳಿದ ಕೆಲಸವನ್ನು ಸ್ಪ್ರಿಂಗ್ ಮಾಡುತ್ತದೆ. ಹೀಗೆ ಟ್ರಿಗರ್‌ನ ಭಾರವನ್ನು ಕೆಲವೇ ಗ್ರಾಂಗಳಿಗೆ ಇಳಿಸಬಹುದು. ಸ್ವಿಟ್ಜರ್ಲೆಂಡಿನ ಹ್ಯಾಮರ್ಲಿ ಕಾರ್ಖಾನೆಯ ಪಿಸ್ತೂಲುಗಳೂ, ಎಫಿಮ್ ಖೈದುರೋವ್ ವಿನ್ಯಾಸಗೊಳಿಸಿದ ಸೋವಿಯತ್ ಒಕ್ಕೂಟದ ಟೋಜ್-35 ಕೂಡ ಈ ತತ್ವವನ್ನೇ ಆಧರಿಸಿದ್ದವು. ಮುಂದೆ ಮೊರಿನಿಯಂಥ ತಯಾರಕರು ವಿದ್ಯುತ್ ಟ್ರಿಗರನ್ನು ಬಳಕೆಗೆ ತಂದರು.

ಟ್ರಿಗರ್ ಹಗುರವಾದಷ್ಟೂ ಗುರಿ ಸುಲಭವಾಗುತ್ತದೆ ಎಂದು ಹೊರಗಿನವರಿಗೆ ತೋರುವುದು ಸಹಜವಾದರೂ, ಅಭ್ಯಾಸದ ಅನುಭವ ಇದಕ್ಕೆ ವಿರುದ್ಧವಾದುದು. ಭಾರದ ಟ್ರಿಗರ್ ಬೆರಳಿಗೆ ಒಂದು ತಡೆಯನ್ನು ಒದಗಿಸುವುದರಿಂದ ಶೂಟರ್ ತನ್ನ ಒತ್ತಡ ಏರುತ್ತಿರುವುದನ್ನು ಅರಿಯಬಲ್ಲ; ಕೆಲವೇ ಗ್ರಾಂಗಳ ಟ್ರಿಗರ್‌ನಲ್ಲಿ ಆ ಸೂಚನೆಯೇ ಇಲ್ಲದ ಕಾರಣ, ಚಾಚಿದ ತೋಳು ಎಷ್ಟೇ ಪಳಗಿದರೂ ತೂಗಾಡುತ್ತಲೇ ಇರುವಾಗ, ಕರಿ ವೃತ್ತದ ನಡುವನ್ನು ಸರಿಯಾಗಿ ಕಂಡ ಗಳಿಗೆಯಲ್ಲೇ ಗುಂಡನ್ನು ಹಾರಿಸಿಬಿಡುವ ಆತುರ ಅವನನ್ನು ಕಾಡುತ್ತದೆ, ಮತ್ತು ಆ ಆತುರದ ಜೊತೆಗೇ ಮಣಿಕಟ್ಟು ಕದಲುತ್ತದೆ. ಆದ್ದರಿಂದಲೇ ಅನುಭವಿ ತರಬೇತುದಾರರು ಮೊದಲು ಭಾರದ ಟ್ರಿಗರ್‌ನಲ್ಲಿ ಪಳಗಿಸಿ, ಆಮೇಲಷ್ಟೇ ಅದನ್ನು ಹಂತಹಂತವಾಗಿ ಹಗುರಗೊಳಿಸುವ ಕ್ರಮವನ್ನು ಮೆಚ್ಚುತ್ತಾರೆ. ಗುಂಡಿಲ್ಲದೆ ಟ್ರಿಗರ್ ಎಳೆಯುವ ಡ್ರೈ ಫೈರಿಂಗ್ ಈ ಶಿಕ್ಷಣದ ಬೆನ್ನೆಲುಬು. ಪಿಸ್ತೂಲ್ ಗುರಿಯ ಮಟ್ಟಕ್ಕೆ ಬರುವವರೆಗೆ ಬೆರಳನ್ನು ಟ್ರಿಗರ್‌ನಿಂದ ದೂರವಿಡುವ ನಿಯಮವಂತೂ ಇಲ್ಲಿ ಎಂದಿಗೂ ಸಡಿಲವಾಗಬಾರದು, ಏಕೆಂದರೆ ಬರಿಯ ಸ್ಪರ್ಶವೇ ಗುಂಡನ್ನು ಹಾರಿಸಬಲ್ಲದು.

ಈ ಕಠಿಣ ವಿದ್ಯೆಯ ಎತ್ತರವನ್ನು ಅಂಕಗಳೇ ಹೇಳುತ್ತವೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಅಲೆಕ್ಸಾಂಡರ್ ಮೆಲೆಂತ್ಯೆವ್ 600ಕ್ಕೆ 581 ಅಂಕ ಗಳಿಸಿ ಸ್ಥಾಪಿಸಿದ ದಾಖಲೆಯು, 2014ರ ಗ್ರನಾಡಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದಕ್ಷಿಣ ಕೊರಿಯಾದ ಜಿನ್ ಜಾಂಗ್-ಓ 583 ಗಳಿಸುವವರೆಗೆ ಅಳಿಯಲಿಲ್ಲ. ಅಲ್ಲಿ ಬೆಳ್ಳಿ ಪಡೆದವರು ಭಾರತದ ಜಿತು ರಾಯ್. 2016ರ ರಿಯೊ ಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರೂ ಈ ಸ್ಪರ್ಧೆಯ ಕಣದಲ್ಲಿದ್ದರು. ಪುರುಷರು ಮತ್ತು ಮಹಿಳೆಯರ ಸ್ಪರ್ಧೆಗಳನ್ನು ಸಮಗೊಳಿಸುವ ನ್ಯಾಯಯುತ ಉದ್ದೇಶದಿಂದ, ರಿಯೊ ಬಳಿಕ ಒಲಿಂಪಿಕ್ಸ್ ಈ ವಿಭಾಗವನ್ನು ಕೈಬಿಟ್ಟಿತು. ಉಳಿದುಕೊಂಡ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಟ್ರಿಗರ್‌ನ ಭಾರ 500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ.