ಕರ್ನಲ್ ಕಟ್ಟೋಕೆ ಯಾವ ಕಂಪೈಲರ್? ಹೊಸದು ಅಂದ್ರೆ ಒಳ್ಳೇದು ಅಂತಲ್ಲ



ನಿಮ್ಮ ಕೈಲಿರೋದು ಆಂಡ್ರಾಯ್ಡ್ ಫೋನ್ ಆದ್ರೆ, ಅದರ ತಳದಲ್ಲಿ ಲಿನಕ್ಸ್ ಕರ್ನಲ್ ಇದೆ. ಪ್ರೊಸೆಸರ್, ಮೆಮೊರಿ, ಕ್ಯಾಮೆರಾ ಎಲ್ಲವನ್ನೂ ಆ್ಯಪ್‌ಗಳಿಗೆ ಹಂಚಿಕೊಡೋದು ಅದೇ. ಅದನ್ನು ಬರೆದಿರೋದು ಬಹುಪಾಲು ಸಿ ಭಾಷೆಯಲ್ಲಿ. ಅದನ್ನು ಯಂತ್ರದ ಭಾಷೆಗೆ ಇಳಿಸೋದು ಕಂಪೈಲರ್.

ಹಾಸನದ ಆಲೂಗಡ್ಡೆ ಬೆಳೆಗಾರರನ್ನ ಕೇಳಿ. ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆ ನೋಡೋಕೆ ಚೆನ್ನಾಗೇ ಇರುತ್ತೆ. ಒಳಗೆ ರೋಗ ಇದ್ರೆ ಗೊತ್ತಾಗೋದು ಬಿತ್ತಿದ ಮೇಲೆ. ಕಂಪೈಲರ್ ದೋಷವೂ ಹಾಗೇ. ಕರ್ನಲ್ ಯಾವ ಎರರ್ ಇಲ್ಲದೆ ತಯಾರಾಗುತ್ತೆ, ಎಷ್ಟೋ ದಿನ ಆದಮೇಲೆ ಯಂತ್ರ ಸುಮ್ಮನೆ ನಿಂತುಹೋಗುತ್ತೆ.

1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿ ಕಂಪೈಲರ್ ಬಿಡುಗಡೆ ಮಾಡಿದರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ತಮ್ಮ ಕರ್ನಲ್ ಕಟ್ಟಿದ್ದು ಅದರಲ್ಲೇ. ಜಗಳ ಜೋರಾಗಿದ್ದು 2000ದಲ್ಲಿ. ರೆಡ್ ಹ್ಯಾಟ್ ಕಂಪನಿ ತನ್ನ 7.0 ಆವೃತ್ತಿಯಲ್ಲಿ ಜಿಸಿಸಿ 2.96 ಕೊಟ್ಟಿತು. ಜಿಸಿಸಿ ತಂಡ, ಅದು ನಮ್ಮ ಅಧಿಕೃತ ಬಿಡುಗಡೆಯೇ ಅಲ್ಲ ಅಂತ ಹೇಳಿಬಿಟ್ಟಿತು. ತಮಾಷೆ ಏನಂದ್ರೆ, ಕರ್ನಲ್ ಕಟ್ಟೋಕೆ ಅಂತ ರೆಡ್ ಹ್ಯಾಟ್ 'ಕೆಜಿಸಿಸಿ' ಅನ್ನೋ ಹಳೆಯ ಕಂಪೈಲರನ್ನೂ ಜೊತೆಗೇ ಇಟ್ಟಿತ್ತು! ಆ್ಯಪ್‌ಗೆ ಹೊಸದು, ಕರ್ನಲ್‌ಗೆ ಪರೀಕ್ಷೆ ಆದದ್ದು.

ಅದೇ ಕಾಲಕ್ಕೆ ನಮ್ಮ ಬೆಂಗಳೂರಲ್ಲೂ ಒಂದು ಲಿನಕ್ಸ್ ಸಾಧನ ಹುಟ್ಟಿತು. 2001ರ ಸಿಂಪ್ಯೂಟರ್, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್. ಅದರಲ್ಲಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್. ಮೇಜಿನ ಮೇಲಿನ ಪಿಸಿಗೆ ಕಟ್ಟಿದ ಕರ್ನಲ್ ಅದರ ಮೇಲೆ ಓಡಲ್ಲ. ಪಿಸಿಯಲ್ಲಿ ಕೂತು ಬೇರೆ ಚಿಪ್‌ಗೆ ಸೂಚನೆ ತಯಾರಿಸೋ ಕ್ರಾಸ್ ಕಂಪೈಲರ್ ಬೇಕು. ಅಂದ್ರೆ ಆವೃತ್ತಿಯ ಜೊತೆ ಚಿಪ್ಪೂ ಹೊಂದಬೇಕು. ಇವತ್ತಿನ ಫೋನ್‌ಗಳ ಕರ್ನಲ್ ಕಟ್ಟೋದೂ ಇದೇ ರೀತಿ.

ಹಳೆಯ ಜಗಳ ಮತ್ತೆ ಬಂದಿದ್ದು 2014ರ ಜುಲೈನಲ್ಲಿ. ಜಿಸಿಸಿ 4.9.0ರಲ್ಲಿ ಕಟ್ಟಿದ ಕರ್ನಲ್ ಕುಸೀತಿತ್ತು. ಟೋರ್ವಾಲ್ಡ್ಸ್ ಕಂಪೈಲರ್ ಹೊರಹಾಕಿದ ಸೂಚನೆಗಳನ್ನೇ ಸಾಲು ಸಾಲಾಗಿ ಓದಿದರು. ಸ್ಟ್ಯಾಕ್ ಅನ್ನೋ ಜಾಗದ ಗಡಿ ದಾಟಿ ಕಂಪೈಲರ್ ಒಂದು ಬೆಲೆಯನ್ನು ಇಟ್ಟಿತ್ತು. ನಡುವೆ ಇಂಟರಪ್ಟ್ ಬಂದ್ರೆ ಆ ಬೆಲೆ ಅಳಿಸಿಹೋಗುತ್ತೆ. ಅವರು ಕೆಂಡಾಮಂಡಲ ಆದರು, ದೋಷ ಸರಿಹೋಯ್ತು.

ಹಾಗಂತ ಹಳೆಯದಕ್ಕೇ ಅಂಟಿಕೊಳ್ಳೋಕೂ ಆಗಲ್ಲ. ಹಳೆಯ ಕಂಪೈಲರ್‌ನ ದೋಷಗಳಿಗೆ ಕರ್ನಲ್‌ನಲ್ಲಿ ತೇಪೆ ಹಾಕ್ತಾನೇ ಇರಬೇಕು. ಅದಕ್ಕೇ ಕನಿಷ್ಠ ಆವೃತ್ತಿ ಏರುತ್ತಾ ಬಂತು: 2021ರ ಲಿನಕ್ಸ್ 5.15ಕ್ಕೆ ಜಿಸಿಸಿ 5.1, 2025ರ 6.16ಕ್ಕೆ ಜಿಸಿಸಿ 8.1. ಇನ್ನು ಆಂಡ್ರಾಯ್ಡ್ ದಾರಿ ಬೇರೆ. 2017ರ ಪಿಕ್ಸೆಲ್ 2 ಫೋನಿನಿಂದ ಗೂಗಲ್ ಕರ್ನಲನ್ನ ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಕಟ್ಟೋಕೆ ಶುರು ಮಾಡ್ತು.

ಕಾಲೇಜು ಲ್ಯಾಬಲ್ಲಿ ಲಿನಕ್ಸ್ ಇದ್ರೆ, ಟರ್ಮಿನಲ್‌ನಲ್ಲಿ ಕ್ಯಾಟ್, ಒಂದು ಸ್ಪೇಸ್, ಆಮೇಲೆ ಸ್ಲ್ಯಾಶ್ ಪ್ರಾಕ್ ಸ್ಲ್ಯಾಶ್ ವರ್ಷನ್ ಅಂತ ಟೈಪ್ ಮಾಡಿ. ನಿಮ್ಮ ಕರ್ನಲ್ ಯಾವ ಕಂಪೈಲರ್‌ನಲ್ಲಿ ಹುಟ್ಟಿತು ಅಂತ ಅದೇ ಹೇಳುತ್ತೆ. ನೀವೇ ಕರ್ನಲ್ ಕಟ್ಟೋ ದಿನ ಬಂದ್ರೆ, ಮೊದಲು ಆ ಸಾಲನ್ನ ಓದಿ, ಆಮೇಲೆ ಕರ್ನಲ್ ಜೊತೆಗೇ ಬರೋ ದಾಖಲೆಯಲ್ಲಿ ಕನಿಷ್ಠ ಆವೃತ್ತಿ ನೋಡಿ.